ದುರ್ಬೀನಿಗೊಂದು ಕಂಬ

ನಾನು ತವರಲ್ಲಿ ಪಾಲು ಕೇಳಿದೆ ಅಂತ ಹೊಸಬಾಳೆಯಲ್ಲಿ ಇವತ್ತಿಗೂ ಮಾತಿದೆ. ಆಡುವವರ ಬಾಯಿ ಕಟ್ಟೋದು ನನ್ನ ಕೈಲಾಗಲ್ಲ. ಆದರೆ ನಾನು ಕೇಳಿದ್ದು ಪಾಲಲ್ಲ, ಒಂದು ಕಂಬ ನೆಡುವಷ್ಟು ಜಾಗ. ಅದೂ ಬೆಳೆ ಬರದ, ದನ ಕೂಡ ಮೂಸದ ಜಂಬಿಟ್ಟಿಗೆ ನೆಲದ ಒಂದು ಮೂಲೆ. ಆ ಕಂಬದ ಮೇಲೆ ದೊಡ್ಡ ದುರ್ಬೀನು ಕೂರಿಸಿ ಆಕಾಶದ ಫೋಟೊ ತೆಗೆಯಬೇಕು ಅನ್ನೋದು ನನ್ನ ಆಸೆ. ಇಷ್ಟೇ ವಿಷಯ. ಇಷ್ಟನ್ನು ಒಡಹುಟ್ಟಿದ ಅಣ್ಣನಿಗೆ ಅರ್ಥ ಮಾಡಿಸೋಕೆ ಆಗಲಿಲ್ಲ ಅಂದ್ರೆ ಯಾರ ತಲೆ ಚಚ್ಚಬೇಕು, ನೀವೇ ಹೇಳಿ.

ಶಿಕಾರಿಪುರದಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಕ್ಯಾಮೆರಾ ಹಿಡಿದು ಓಡಾಡೋರು ನಮ್ಮ ಯಜಮಾನರು. ಅವರು ತಂದು ಸುರಿದದ್ದನ್ನೆಲ್ಲ ಕಂಪ್ಯೂಟರ್ ಮುಂದೆ ಕೂತು ತಿದ್ದಿ ಆಲ್ಬಮ್ ಮಾಡೋಳು ನಾನು. ತಿದ್ದೋದು ಅಂದ್ರೆ ಏನಂದುಕೊಂಡಿರಿ? ಮುಖ ಬೆಳ್ಳಗೆ ಮಾಡೋದು. ಬಿಸಿಲಲ್ಲಿ ದುಡಿದು ಒಳ್ಳೆ ರಾಗಿ ಬಣ್ಣಕ್ಕೆ ತಿರುಗಿದ ಚೆಂದದ ಹುಡುಗಿಯನ್ನು ಮೈದಾ ಹಿಟ್ಟು ಮಾಡಿಕೊಡಬೇಕು. ಇಲ್ಲದಿದ್ದರೆ ಆಲ್ಬಮ್ ವಾಪಸ್ಸು. ಬಳ್ಳಿಗಾವಿ ದೇವಸ್ಥಾನದ ಕಂಬಕ್ಕೆ ಒರಗಿ ನಿಂತ ಜೋಡಿಯ ಫೋಟೊ ತೋರಿಸಿದರೆ, ಕಂಬಾನೂ ಒಂಚೂರು ಬೆಳ್ಳಗೆ ಮಾಡಿ ಮೇಡಂ ಅನ್ನೋ ಪುಣ್ಯಾತ್ಮರಿದ್ದಾರೆ. ಮಾಡಿಕೊಟ್ಟಿದ್ದೀನಿ. ಹೊಟ್ಟೆಪಾಡು ನೋಡಿ.

ಒಂದು ಸಲ ಹೊಸ ಲೆನ್ಸ್ ಪರೀಕ್ಷೆಗೆ ಅಂತ ಯಜಮಾನರು ಮದುವೆ ಮನೆಯ ಹಿತ್ತಲಲ್ಲಿ ಸ್ಟ್ಯಾಂಡಿಗೆ ಕ್ಯಾಮೆರಾ ಹಾಕಿ ಆಕಾಶದ ಕಡೆ ನಾಲ್ಕು ಫೋಟೊ ಹೊಡೆದಿದ್ದರು. ಮದುಮಕ್ಕಳ ಜೊತೆ ಅವೂ ನನ್ನ ಮುಂದೆ ಬಂದವು. ಸಾಲಾಗಿ ಮೂರು ಚುಕ್ಕಿ, ಅದರ ಪಕ್ಕ ಒಂದು ಸಣ್ಣ ಗುಲಾಬಿ ಕಲೆ. ಲೆನ್ಸಿಗೆ ಕುಂಕುಮ ತಾಗಿರಬೇಕು ಅಂತ ಅಳಿಸೋಕೆ ಹೊರಟೆ. ನೋಡಿದರೆ ಒಂದೊಂದು ಫೋಟೊದಲ್ಲಿ ಆ ಚುಕ್ಕಿಗಳು ಒಂದೊಂದು ಕಡೆ ಇದ್ದವು, ಕಲೆಯೂ ಅವುಗಳ ಜೊತೆಗೇ ಹೋಗಿತ್ತು. ಲೆನ್ಸಿನ ಕೊಳೆಯಾದರೆ ಇದ್ದಲ್ಲೇ ಇರಬೇಕಲ್ಲ. ಹುಡುಕಿ ಓದಿದಾಗ ಗೊತ್ತಾಯಿತು, ಅದು ನೀಹಾರಿಕೆ, ನಕ್ಷತ್ರಗಳು ಹುಟ್ಟೋ ಜಾಗ ಅಂತ. ಎಷ್ಟೋ ಹೊತ್ತು ಅದನ್ನೇ ನೋಡ್ತಾ ಕೂತೆ. ದಿನವಿಡೀ ಬಣ್ಣ ಬಳಿಯೋಳಿಗೆ, ತಾನು ಹಾಕದ ಬಣ್ಣವೊಂದು ಸಿಕ್ಕಿತ್ತು.

ಆ ಮೂರು ಚುಕ್ಕಿ ನನಗೆ ಹೊಸವಲ್ಲ. ಚಿಕ್ಕವರಿದ್ದಾಗ ಹೊಸಬಾಳೆಯ ಕಣದಲ್ಲಿ ಭತ್ತದ ರಾಶಿ ಕಾಯ್ತಾ ಅಣ್ಣ ನಾನು ಕಂಬಳಿ ಮೇಲೆ ಮಲಗಿ ನೋಡ್ತಿದ್ದದ್ದು ಅವನ್ನೇ. ನಿಂದು ಯಾವುದು ನಂದು ಯಾವುದು ಅಂತ ಜಗಳ ಆಗೋದು. ಮೂರನ್ನು ಇಬ್ಬರಿಗೆ ಹಂಚೋದು ಹೇಗೆ? ಅಣ್ಣ ಸೋತು, "ತಗ, ಮೂರೂ ನೀನೇ ಇಟ್ಕ" ಅನ್ನೋನು. ನಾವಿಬ್ಬರೇ ಮಕ್ಕಳು. ಅವತ್ತಿನ ಅಣ್ಣನನ್ನು ನೆನೆದರೆ ಈಗಲೂ ಮೊದಲು ನಗು ಬರುತ್ತೆ, ಆಮೇಲೆ ಮೈ ಉರಿಯುತ್ತೆ.

ಸರಿ, ದುರ್ಬೀನು ಕೊಳ್ಳೋದು ಅಂತಾಯಿತು. ದುಡ್ಡಿನ ಮಾತು ಇಲ್ಲಿ ಬೇಡ. ನನ್ನ ದುಡಿಮೆಯದು, ಕೂಡಿಟ್ಟಿದ್ದೆ. ಅಂಗಡಿಯವನಿಗೆ ಫೋನ್ ಮಾಡಿದರೆ ಮೊದಲ ಮಾತೇ "ಮಕ್ಕಳಿಗಾ ಮೇಡಂ?" ಎರಡನೆಯದು "ಸರ್ ಇದ್ದರೆ ಕೊಡಿ, ಅವರಿಗೆ ವಿವರ ಹೇಳ್ತೀನಿ." ನಮ್ಮ ಸರ್ ಪಕ್ಕದಲ್ಲೇ ಕೂತು ಮಂಡಕ್ಕಿ ತಿಂತಾ ಇದ್ದರು. "ಅವರಿಗೆ ಇದರ ತಲೆಬುಡ ಗೊತ್ತಿಲ್ಲಪ್ಪ, ನನಗೇ ಹೇಳು" ಅಂದೆ. ಯಜಮಾನರು ಹೌದು ಹೌದು ಅಂತ ತಲೆಯಾಡಿಸಿದರು.

ಓದಿ, ಕೇಳಿ, ಬೈಸಿಕೊಂಡು ಒಂದು ವಿಷಯ ಕಲಿತೆ. ದೊಡ್ಡ ಕನ್ನಡಿಯ ದುರ್ಬೀನು ತಂದ ಕೂಡಲೇ ಫೋಟೊ ಬರಲ್ಲ. ಭೂಮಿ ತಿರುಗ್ತಾನೇ ಇರುತ್ತಲ್ಲ, ಆಕಾಶ ಜಾರಿಕೊಂಡು ಹೋಗುತ್ತೆ. ಮಂಕಾದ ಬೆಳಕು ಕ್ಯಾಮೆರಾಕ್ಕೆ ಇಳಿಯಬೇಕಾದರೆ ಅದು ನಿಮಿಷಗಟ್ಟಲೆ ಕಣ್ಣು ಬಿಟ್ಟುಕೊಂಡು ಕೂತಿರಬೇಕು. ಅಷ್ಟು ಹೊತ್ತೂ ದುರ್ಬೀನು ಆಕಾಶದ ಜೊತೆಗೇ ಕೂದಲೆಳೆ ತಪ್ಪದೆ ತಿರುಗಬೇಕು. ತಿರುಗಿಸೋದು ಅದರ ಕೆಳಗಿನ ಮೌಂಟು. ಹಾಗಾಗಿ ಮುಖ್ಯ ದುರ್ಬೀನಲ್ಲ, ಅದನ್ನು ಹೊರೋದು. ಎಲ್ಲರೂ ಉದ್ದ ಕೊಳವೆ ನೋಡಿ ಬಾಯಿ ಬಿಡ್ತಾರೆ. ಹೊರೋದನ್ನ ಕೇಳೋರಿಲ್ಲ. ಮನೆಗಳಲ್ಲೂ ಹಾಗೇ ಅಲ್ಲವೇ, ಹೋಗ್ಲಿ ಬಿಡಿ.

ಹತ್ತಿಂಚಿನ ಕನ್ನಡಿಯದು ಆರಿಸಿದೆ. ಇನ್ನೂ ದೊಡ್ಡದಕ್ಕೆ ಮನಸ್ಸು ಹರೀತಿತ್ತು, ಆದರೆ ಅದನ್ನು ತಾಳೋ ಮೌಂಟು ನನ್ನ ಅಳತೆ ಮೀರಿದ್ದು. ಪೆಟ್ಟಿಗೆಗಳು ಬಂದ ದಿನ ಸ್ಟುಡಿಯೋ ಒಳಗೆ ಕಾಲಿಡೋಕೆ ಜಾಗ ಇರಲಿಲ್ಲ. ಕೊಳವೆಯೇ ಒಂದು ಹಂಡೆಯ ಗಾತ್ರ. ಮೌಂಟು ಎತ್ತೋಕೆ ಇಬ್ಬರು ಬೇಕು, ತೂಕದ ಗುಂಡುಗಳು ಬೇರೆ. ಯಜಮಾನರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಲ್ಲಾ ಸರಿ ಕಣೇ, ಇದನ್ನ ಎಲ್ಲಿ ಇಡ್ತಿ?" ಅಂದರು. ಆ ಪ್ರಶ್ನೆ ನಾನೇ ಮೊದಲು ಕೇಳಿಕೊಳ್ಳಬೇಕಿತ್ತು, ಕೇಳಿಕೊಂಡಿದ್ದೆ ಕೂಡ. ತಾರಸಿ ಇದೆಯಲ್ಲ ಅಂದುಕೊಂಡಿದ್ದೆ.

ತಾರಸಿಗೆ ಹೊತ್ತು ಹಾಕಿ ನೋಡಿದರೆ ಮೂರು ಶನಿ. ಬೀದಿಯ ಎಲ್‌ಇಡಿ ದೀಪ ಕೆಳಗಿಂದ ಮುಖಕ್ಕೇ ಹೊಡೆಯುತ್ತೆ. ಮೆಕ್ಕೆಜೋಳದ ಲಾರಿ ಹೋದರೆ ತಾರಸಿ ನಡುಗಿ ಚುಕ್ಕಿಗಳೆಲ್ಲ ಗೆರೆ ಆಗ್ತಾವೆ. ಅದನ್ನೂ ತಡೆದುಕೊಳ್ಳಬಹುದಿತ್ತು. ಮೌಂಟನ್ನು ಧ್ರುವ ನಕ್ಷತ್ರಕ್ಕೆ ಗುರಿ ಹಿಡಿಸಿ ನಿಲ್ಲಿಸಬೇಕು, ಅದಿಲ್ಲದೆ ಏನೂ ನಡೆಯಲ್ಲ. ನಮ್ಮ ಸೀಮೆಯಲ್ಲಿ ಧ್ರುವ ಮೇಲೆ ಇರಲ್ಲ. ಕೈ ಚಾಚಿ ಮುಷ್ಟಿ ಹಿಡಿದರೆ ನೆಲದಂಚಿನಿಂದ ಒಂದೂವರೆ ಮುಷ್ಟಿ ಎತ್ತರ, ಅಷ್ಟೇ. ಆ ಒಂದೂವರೆ ಮುಷ್ಟಿಯಲ್ಲಿ ಪಕ್ಕದ ಮನೆಯವರ ಕರಿ ನೀರಿನ ಟ್ಯಾಂಕು ಕೂತಿತ್ತು. ಟ್ಯಾಂಕು ಸ್ವಲ್ಪ ಸರಿಸ್ತೀರೇನ್ರೀ ಅಂತ ಕೇಳಿದೆ. "ಎಂಥಾ ನಕ್ಷತ್ರ ರೀ, ವಾಸ್ತು ಪ್ರಕಾರ ಕೂರಿಸಿದೀವಿ" ಅಂದರು.

ಆಗ ನೆನಪಾಗಿದ್ದು ತವರಿನ ದಿಬ್ಬ. ಸೊರಬದ ಕಡೆ, ಹೊಸಬಾಳೆಯಲ್ಲಿ ನಮ್ಮ ಗದ್ದೆಗಳಿಗಿಂತ ಮೇಲೆ ಬೋಳು ದಿಬ್ಬವೊಂದಿದೆ. ಉತ್ತರಕ್ಕೆ ಕೆರೆ, ಕೆರೆಯಾಚೆ ಗದ್ದೆ ಬಯಲು. ಮರವಿಲ್ಲ, ಮನೆಯಿಲ್ಲ, ದೀಪವಿಲ್ಲ. ಧ್ರುವ ಕೆರೆಯ ಮೇಲೆ ನೆಟ್ಟ ಹಾಗೆ ನಿಂತಿರ್ತಾನೆ. ಈ ಎರಡು ತಾಲ್ಲೂಕಲ್ಲಿ ನನಗೆ ಗೊತ್ತಿರುವಂತೆ, ನಾನು ಧೈರ್ಯವಾಗಿ ಹೋಗಿ ನಿಲ್ಲಬಹುದಾದ ಅಂಥಾ ಕತ್ತಲೆ ಇನ್ನೊಂದಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಸಾಗುವಳಿಯೆಲ್ಲ ಅಣ್ಣನದೇ. ನಾನು ಹಬ್ಬಕ್ಕೆ ಹೋಗಿ ಉಂಡು ಬರೋಳು. ಪಹಣಿ ಯಾರ ಹೆಸರಲ್ಲಿದೆ ಅಂತ ಕೂಡ ವಿಚಾರಿಸಿದವಳಲ್ಲ.

ಅಣ್ಣನಿಗೆ ಎಲ್ಲ ಬಿಡಿಸಿ ಹೇಳಿದೆ. ದುರ್ಬೀನು ಭಾರ ಇದೆ, ಪ್ರತಿ ಸಲ ಸ್ಟ್ಯಾಂಡ್ ಹೂಡಿ ಧ್ರುವನ ಹಿಡಿಯೋದರಲ್ಲೇ ಹೊತ್ತು ಹೋಗುತ್ತೆ, ಅದಕ್ಕೆ ಒಂದು ಕಾಂಕ್ರೀಟ್ ಕಂಬ ಹಾಕ್ಸಿ ಬೋಲ್ಟು ಕೂರಿಸಿಬಿಟ್ಟರೆ ಬಂದಾಗ ತಂದು ಇಡೋದು, ಹೋಗುವಾಗ ಕಳಚೋದು. ಅಣ್ಣ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ. "ಅಲ್ಲನೇ, ನಿಂದೇ ಜಾಗ. ಇದಕ್ಕೆಲ್ಲ ಎಂತಕ್ಕೆ ಕೇಳದು?" ಅಂದ. ಈ ಮಾತನ್ನು ಅವನು ಆಡಿದ್ದಕ್ಕೆ ಯಜಮಾನರೂ ಸಾಕ್ಷಿ, ಅತ್ತಿಗೆಯೂ ಸಾಕ್ಷಿ.

ಮಳೆ ನಿಂತು ನೆಲ ಆರಿದ ಮೇಲೆ ಗಾರೆ ಮೇಸ್ತ್ರಿಯನ್ನು ಕರೆಸಿದೆ. ಅವತ್ತು ಅಣ್ಣ ಮನೆಯಲ್ಲಿರಲಿಲ್ಲ. ಶುಂಠಿ ವ್ಯಾಪಾರಕ್ಕೆ ಶಿರಾಳಕೊಪ್ಪಕ್ಕೆ ಹೋಗಿದ್ದ. ಗುಂಡಿ ಎಲ್ಲಿ, ಎಷ್ಟು ಆಳ ಅಂತ ಗೆರೆ ಹಾಕಿಕೊಟ್ಟೆ. ಮೇಸ್ತ್ರಿ ಗುದ್ದಲಿ ಮುಟ್ಟಲಿಲ್ಲ. "ಪೂಜೆ ಆಗ್ಬೇಕಲ್ಲ ಅಕ್ಕಾರೆ" ಅಂದ. ಇದು ಮನೆಯಲ್ಲಪ್ಪ, ಬರೀ ಕಂಬ ಅಂದೆ. "ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕ್ತೀವಿ ಅಂದ್ಮೇಲೆ ಪಾಯವೇ. ನೆಲಕ್ಕೆ ಕೈ ಮುಗೀದೆ ನಾ ಹಾರೆ ಹಾಕಲ್ಲ" ಅಂತ ಬೀಡಿ ಹಚ್ಚಿ ಕೂತ. ಈಶಾನ್ಯ ಮೂಲೆ ತೋರಿಸಿ ಅಂದ. ದುಂಡು ಕಂಬಕ್ಕೆ ಎಲ್ಲಿಂದ ಮೂಲೆ ತರಲಿ?

ಅತ್ತಿಗೆಯೇ ಮನೆಗೆ ಹೋಗಿ ಅರಿಶಿನ ಕುಂಕುಮ, ಹೂವು, ತೆಂಗಿನಕಾಯಿ ಇಟ್ಟ ತಟ್ಟೆ ತಂದರು. ನೀವೇ ಮಾಡಿ ಅತ್ತಿಗೆ ಅಂದೆ. "ನಿನ್ನ ಕೆಲ್ಸ, ನೀನೇ ಮಾಡು" ಅಂದರು. ಸರಿ ಅಂತ ಗುದ್ದಲಿಗೆ ಕುಂಕುಮ ಇಟ್ಟೆ, ಕಾಯಿ ಒಡೆದೆ, ಮೊದಲ ಗುದ್ದು ನಾನೇ ಹಾಕಿದೆ. ಕಾಯಿ ಸಮವಾಗಿ ಒಡೀತು, ಒಳ್ಳೆದಾಗುತ್ತೆ ಅಂದರು ಎಲ್ಲರೂ. ದಿಬ್ಬದ ಕೆಳಗೆ ಕೊಯ್ಲು ಮಾಡ್ತಿದ್ದ ಹೆಂಗಸರು ಕುಡುಗೋಲು ಹಿಡಿದು ನಿಂತು ನೋಡ್ತಿದ್ದರು. ಅವರಿಗೂ ಒಂದೊಂದು ಚೂರು ಕಾಯಿ ಬೆಲ್ಲ ಕೊಟ್ಟು ಬಂದೆ.

ನಮ್ಮ ಕಡೆ ಗುದ್ದಲಿ ಪೂಜೆ ಅಂದರೆ ಏನು ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಪಾಯದ ಕಾಯಿ ಒಡೆಯೋರು ಆ ನೆಲದ ಯಜಮಾನರು. ಗೃಹಪ್ರವೇಶದ ಆಲ್ಬಮ್ಮುಗಳಲ್ಲಿ ಮೊದಲ ಪುಟ ಅದೇ ಇರುತ್ತೆ. ಆದರೆ ದುರ್ಬೀನಿನ ಕಂಬಕ್ಕೆ ಮೇಸ್ತ್ರಿಯ ಸಮಾಧಾನಕ್ಕೆ ಒಡೆದ ಕಾಯಿಯನ್ನೂ ಅದೇ ಲೆಕ್ಕಕ್ಕೆ ಹಿಡೀತಾರೆ ಅಂತ ಯಾರ ತಲೆಗೆ ಹೊಳೆಯುತ್ತೆ? ನನಗಂತೂ ಹೊಳೆಯಲಿಲ್ಲ. ನನ್ನ ಗಮನವೆಲ್ಲ ಬೋಲ್ಟುಗಳ ಮೇಲಿತ್ತು. ಹಸಿ ಕಾಂಕ್ರೀಟಿನಲ್ಲಿ ಅವು ಒಂಚೂರು ಓರೆಯಾದರೂ ಆಮೇಲೆ ಜನ್ಮವಿಡೀ ಓರೆ. ಹಲಗೆಗೆ ತೂತು ಕೊರೆದು, ಬೋಲ್ಟು ಸಿಕ್ಕಿಸಿ, ಮಟ್ಟಗೋಲು ಇಟ್ಟು, ಉತ್ತರಕ್ಕೆ ನೂಲು ಹಿಡಿದು, ಮೇಸ್ತ್ರಿಗೆ ಸಾಕುಸಾಕು ಮಾಡಿಸಿ ಕೂರಿಸಿದೆ. ಎದೆಮಟ್ಟದ ಕಂಬ, ನೆಲದ ಒಳಗೂ ಹೆಚ್ಚುಕಡಿಮೆ ಅಷ್ಟೇ.

ದಿನಾ ಗೋಣಿಚೀಲ ಸುತ್ತಿ ನೀರು ಹಾಕಿಸಿ ಅತ್ತಿಗೆ, ಕಂಬ ಬಿರುಕು ಬಿಡಬಾರದು ಅಂತ ಹೇಳಿ ಬಂದಿದ್ದೆ. ಮುಂದಿನ ಭಾನುವಾರ ಹೋದರೆ ಗೋಣಿಚೀಲ ಒಣಗಿ ಹಪ್ಪಳ ಆಗಿತ್ತು. ಹತ್ತು ಮಾರು ಕೆಳಗೆ ಶುಂಠಿಗೆ ನೀರಿನ ಜೆಟ್ಟು ಓಡ್ತಿದೆ, ಕಂಬಕ್ಕೆ ಒಂದು ಬಿಂದಿಗೆ ನೀರಿಲ್ಲ. ನಾನೇ ಕೆರೆಯಿಂದ ಹೊತ್ತು ಹಾಕಿದೆ. ಮನೆಗೆ ಹೋದರೆ ಅತ್ತಿಗೆ "ಕೂತ್ಕ ಬಾ" ಅಂತ ಜಗಲಿಯಲ್ಲಿ ಕುರ್ಚಿ ಹಾಕಿದರು. ಒಳಗಿಂದ ಕಾಫಿ ಬಂತು, ಹೂವಿನ ಚಿತ್ರ ಇರೋ ಪಿಂಗಾಣಿ ಕಪ್ಪಿನಲ್ಲಿ. ಆ ಕಪ್ಪು ಬೀಗರಿಗೆ, ಮೇಷ್ಟ್ರಿಗೆ ಅಂತ ಇಟ್ಟಿರೋದು. ನಾನು ಹುಟ್ಟಿದ ಮನೆಯಲ್ಲಿ ನಾನು ಯಾವತ್ತೂ ಕುರ್ಚಿ ಮೇಲೆ ಕೂತು ಕಾಫಿ ಕುಡಿದವಳಲ್ಲ. ಒಲೆ ಮುಂದೆ ಕೂತು ಲೋಟ ಊದಿಕೊಂಡು ಕುಡಿದವಳು. ಏನೋ ನಡೆದಿದೆ ಅನ್ನಿಸಿತು.

ಏನು ನಡೆದಿದೆ ಅಂತ ಗೊತ್ತಾಗಿದ್ದು ಮೇಸ್ತ್ರಿಯಿಂದ. ಊರಲ್ಲಿ ಉಪ್ಪು ಖಾರ ಹಚ್ಚಿ ಮಾತಾಡ್ತಿದ್ದರಂತೆ. ಅಣ್ಣ ಊರಲ್ಲಿಲ್ಲದ ದಿನ ನೋಡಿ ತಂಗಿ ಬಂದು ಪಾಯ ಹಾಕ್ಸಿದ್ಲು, ಗುದ್ದಲಿ ಪೂಜೆ ತಾನೇ ಮಾಡಿದ್ಲು, ಊರಿಗೆಲ್ಲ ಕಾಯಿ ಬೆಲ್ಲ ಹಂಚಿದ್ಲು. ಒಂದು ಪಿಲ್ಲರ್ ಎದ್ದಮೇಲೆ ಇನ್ನು ಮೂರು ಏಳೋಕೆ ಎಷ್ಟು ಹೊತ್ತು? ಈಗೆಲ್ಲ ಹೆಣ್ಣುಮಕ್ಕಳಿಗೂ ಪಾಲು ಇದೆಯಲ್ಲ, ಕಾನೂನು ತಿಳಿದೋಳು, ಶಿಕಾರಿಪುರದೋಳು. "ನಾ ಹೇಳ್ದೆ ಅಂತ ಹೇಳ್ಬ್ಯಾಡ್ರಿ ಅಕ್ಕಾರೆ" ಅಂತ ಮೇಸ್ತ್ರಿ ಜಾರಿಕೊಂಡ. ನೀನೇ ಮಾಡು ಅಂತ ತಟ್ಟೆ ಕೈಗೆ ಕೊಟ್ಟವರು ಅತ್ತಿಗೆ. ಅದನ್ನು ಮಾತ್ರ ಯಾರೂ ಯಾರಿಗೂ ಹೇಳಿರಲಿಲ್ಲ.

ದುರ್ಬೀನು ತಂದು ಕೂರಿಸಿದರೆ ಎಲ್ಲರಿಗೂ ತಿಳಿಯುತ್ತೆ ಅಂತ ನನ್ನ ಭಂಡ ಧೈರ್ಯ. ಕಂಬ ಗಟ್ಟಿಯಾದ ಮೇಲೆ ಒಂದು ಅಮಾವಾಸ್ಯೆ ಹಿಂದುಮುಂದಿನ ಸಂಜೆ, ಕೊಳವೆಯನ್ನು ಹಾಸಿಗೆಯಲ್ಲಿ ಸುತ್ತಿ ವ್ಯಾನಿಗೆ ಹಾಕಿಕೊಂಡು ನಾನೂ ಯಜಮಾನರೂ ಹೋದೆವು. ಮೌಂಟು ಬೋಲ್ಟಿನ ಮೇಲೆ ಕೀಲಿಯ ಹಾಗೆ ಕೂತಿತು. ಕೆರೆಯ ಮೇಲೆ ಧ್ರುವ ಸಿಕ್ಕ. ಕತ್ತಲಾಗಿ ಸ್ವಲ್ಪ ಹೊತ್ತಿಗೆ ಮೂರು ಚುಕ್ಕಿ ಮೇಲೆ ಬಂದವು. ಪರೀಕ್ಷೆಗೆ ಅಂತ ಒಂದೇ ಒಂದು ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಗುಲಾಬಿ ಹೊಗೆ ರೆಕ್ಕೆ ಬಿಚ್ಚಿಕೊಂಡು ನಿಂತಿತ್ತು. ಅಂಥವು ಹತ್ತಾರು ಸಂಜೆ ತೆಗೆದು ಒಂದರ ಮೇಲೊಂದು ಕೂಡಿಸಿದರೆ ಒಂದು ನಿಜವಾದ ಫೋಟೊ ಆಗುತ್ತೆ. ಇದು ಬರೀ ಶುರು. ಆದರೂ ನನಗೆ ಅಳು ಬಂತು, ಅತ್ತುಬಿಟ್ಟೆ.

ಅಣ್ಣ ಟಾರ್ಚು ಹಿಡಿದು ದಿಬ್ಬ ಹತ್ತಿ ಬಂದ. ನೋಡಣ್ಣ, ನಮ್ಮ ಮೂರು ಚುಕ್ಕಿ ಪಕ್ಕದ್ದು, ಅಂತ ತೋರಿಸಿದೆ. ಒಂದು ಕ್ಷಣ ಬಗ್ಗಿ ನೋಡಿದ. "ಹೂಂ, ಚಂದಾಗದೆ" ಅಂದ. ಆಮೇಲೆ ಟಾರ್ಚನ್ನು ಕಂಬದ ಬುಡಕ್ಕೆ ಬಿಟ್ಟ.

"ಎಷ್ಟು ಆಳ ಹಾಕ್ಸಿದಿ?"

ಹೇಳಿದೆ.

"ಬರೀ ದುರ್ಬೀನಿಗೆ ಇಷ್ಟು ಆಳ ಎಂತಕ್ಕೆ ಬೇಕು?"

ಅಲ್ಲಾಡಬಾರದಣ್ಣ, ಕೂದಲಷ್ಟು ಅಲ್ಲಾಡಿದರೂ ಚಿತ್ರ ಕೆಡುತ್ತೆ ಅಂದೆ.

"ಹಂಗಾರೆ ಕಿತ್ತು ಹಾಕಕ್ಕೆ ಬರಲ್ಲ."

"ಬರಲ್ಲ" ಅಂದೆ. ನಾನು ಹೇಳಿದ್ದು ಕಾಂಕ್ರೀಟಿನ ಮಾತು. ಅವನು ಕೇಳಿಸಿಕೊಂಡದ್ದು ಏನು ಅಂತ ಅವನ ಮುಖದ ಮೇಲೆ ಟಾರ್ಚ್ ಬಿಡದೆಯೂ ಗೊತ್ತಾಯಿತು.

ಹದಿನೈದು ದಿನಕ್ಕೆಲ್ಲ ಅಣ್ಣ ಶಿಕಾರಿಪುರಕ್ಕೆ ಬಂದ. ಸ್ಟುಡಿಯೋ ಒಳಗೆ, ಪಾಸ್‌ಪೋರ್ಟ್ ಫೋಟೊಗೆ ಕೂರಿಸೋ ಸ್ಟೂಲಿನ ಮೇಲೆ ಕೂತ. ಮಳೆ, ಶುಂಠಿ, ಹಂದಿ ಕಾಟ ಎಲ್ಲ ಮಾತಾಡಿದ ಮೇಲೆ ವಿಷಯಕ್ಕೆ ಬಂದ. ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇದೆ, ಖಾತೆ ಬದಲಾಯಿಸಬೇಕು. ನನಗೆ ಇದರಲ್ಲಿ ಹಕ್ಕು ಬೇಡ ಅಂತ ನಾನೊಂದು ಹಕ್ಕು ಖುಲಾಸೆ ಬರೆದುಕೊಡಬೇಕು. "ಒಂದು ಸೈನು ಅಷ್ಟೇ. ಅದೊಂದು ಆಗ್ಲಿ, ಆಮೇಲೆ ಒಂದಲ್ಲ, ಹತ್ತು ಕಂಬ ನೆಡು. ಯಾರಾರೂ ಬಾಯಿ ಬಿಟ್ರೆ ನಾ ನೋಡ್ಕಳ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ನಾನು ಒಂದು ಚೀಲ ಅಕ್ಕಿ ಕೇಳಿದೀನಾ, ಒಂದು ಮೂಟೆ ಜೋಳ ಕೇಳಿದೀನಾ ಅಂತ ಶುರು ಮಾಡಿದೆ. ಗಿರಾಕಿಗಳು ಬಾಗಿಲಲ್ಲಿ ನಿಂತು ಹಿಂದೆ ಸರಿದರು. ಅಣ್ಣ ಜಗಳಕ್ಕೆ ನಿಲ್ಲಲಿಲ್ಲ. ತಲೆ ತಗ್ಗಿಸಿ, "ನಂಗೆ ನಿನ್ಮೇಲೆ ಅನುಮಾನ ಇಲ್ಲ ಕಣೇ, ರಾತ್ರಿ ನಿದ್ದೆ ಬರಲ್ಲ" ಅಂದ. ಅದು ಜಗಳಕ್ಕಿಂತ ಕೆಟ್ಟದಾಗಿ ತಾಗಿತು. ಒಂದು ಕಂಬ ಅವನ ನಿದ್ದೆ ಕೆಡಿಸಿದೆ ಅಂದರೆ, ತಂಗಿ ಅಂದರೆ ಅವನಿಗೆ ಏನು? ಯಜಮಾನರ ಮುಖ ನೋಡಿದೆ. "ನಿನ್ನ ತವರು, ನಿನ್ನ ನೆಲ, ನಾನೇನೂ ಹೇಳಲ್ಲ" ಅಂತ ಕ್ಯಾಮೆರಾ ಒರೆಸತೊಡಗಿದರು.

ಒಪ್ಪಿದೆ. ಯಾಕೆ ಒಪ್ಪಿದೆ ಅಂತ ಎಷ್ಟೋ ಜನ ಕೇಳಿದ್ದಾರೆ, ದಡ್ಡಿ ಅಂದಿದ್ದಾರೆ. ನನಗೆ ಎಕರೆ ಬೇಕಿರಲಿಲ್ಲ. ಆ ಕಂಬ ಬೇಕಿತ್ತು, ಅದರ ಸುತ್ತಲಿನ ಕತ್ತಲೆ ಬೇಕಿತ್ತು, ಒಲೆ ಮುಂದೆ ಕೂತು ಲೋಟದಲ್ಲಿ ಕಾಫಿ ಕುಡಿಯೋದು ಬೇಕಿತ್ತು. ಸೈನು ಹಾಕಿದರೆ ಮೂರೂ ಉಳಿಯುತ್ತೆ ಅಂತ ಲೆಕ್ಕ ಹಾಕಿದೆ. ಅಣ್ಣ ನಿರಾಳವಾಗಿ ಉಸಿರು ಬಿಟ್ಟು, "ಹೆಂಗೂ ಬಂದಿದೀನಿ, ಪತ್ರಕ್ಕೆ ಫೋಟೊ ಬೇಕಂತೆ, ಒಂದು ತೆಗೆದುಬಿಡು" ಅಂದ. ಅದೇ ಸ್ಟೂಲಿನ ಮೇಲೆ ನೆಟ್ಟಗೆ ಕೂರಿಸಿ, ಗಲ್ಲ ಎತ್ತಿಸಿ ತೆಗೆದೆ. ಕೈ ಅಭ್ಯಾಸಬಲದಿಂದ ಅವನ ಮುಖವನ್ನೂ ಬೆಳ್ಳಗೆ ಮಾಡಿತು. ನನ್ನದನ್ನು ಯಜಮಾನರು ತೆಗೆದರು. ಅದನ್ನು ನಾನು ತಿದ್ದಲಿಲ್ಲ.

ಸೊರಬದ ನೋಂದಣಿ ಕಚೇರಿಯಲ್ಲಿ ಕೆಲಸ ಬೇಗ ಮುಗೀತು. ಹೆಬ್ಬೆಟ್ಟು ಒತ್ತಿ ಅಂದರು, ಒತ್ತಿದೆ. ಈ ಕಡೆ ನೋಡಿ ಅಂದರು, ನೋಡಿದೆ. ಹೊರಗೆ ಬಂದ ಮೇಲೆ ಅಣ್ಣ ಎಲ್ಲರಿಗೂ ಮಸಾಲೆದೋಸೆ ಕೊಡಿಸಿದ, ನನ್ನ ತಟ್ಟೆಗೆ ತನ್ನ ಪಾಲಿನ ಬೆಣ್ಣೆಯನ್ನೂ ಹಾಕಿದ. ಅತ್ತಿಗೆ ಬಸ್‌ಸ್ಟ್ಯಾಂಡಿನಲ್ಲೇ ಕುಂಕುಮ ಇಟ್ಟು, ಸೀರೆ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದರು. ಸೀರೆಗೆ ಹೊಂದುವ ಕುಪ್ಪಸ ನನ್ನ ಅಳತೆಗೆ ಹೊಲಿಸಿಯೇ ತಂದಿದ್ದರು. ಅಳತೆ ಕುಪ್ಪಸ ಅವರು ನನ್ನಿಂದ ಇಸಕೊಂಡಿದ್ದು ದೀಪಾವಳಿಯಲ್ಲಿ, ಕಂಬದ ಗುಂಡಿ ತೋಡೋದಕ್ಕೂ ಮುಂಚೆ. ಆಗ ಏನೂ ಅನ್ನಿಸಿರಲಿಲ್ಲ. ಬಸ್ಸಲ್ಲಿ ಕೂತ ಮೇಲೆ ಅನ್ನಿಸತೊಡಗಿತು. ಕಂಬ ಬರೀ ನೆಪ, ಸೈನಿನ ಯೋಚನೆ ಅದಕ್ಕೂ ಹಳೆಯದು ಅಂತ.

ಆಮೇಲೆ ಮದುವೆ ಸೀಸನ್ನು. ಊಟಕ್ಕೂ ಪುರಸೊತ್ತಿಲ್ಲದಷ್ಟು ಮುಖಗಳು. ಚಂದ್ರ ಇಲ್ಲದ ಸಂಜೆಗಳಲ್ಲಿ ಕೆಲವು ಆಲ್ಬಮ್ಮಿಗೆ ಹೋದವು, ಕೆಲವು ಮೋಡಕ್ಕೆ. ಮೂರು ಚುಕ್ಕಿ ಪಡುವಣಕ್ಕೆ ಜಾರೋ ಮೊದಲು ಹೋಗಲೇಬೇಕು ಅಂತ ಒಂದು ದಿನ ಸ್ಟುಡಿಯೋ ಬಾಗಿಲು ಹಾಕಿ ಹೊರಟೆವು. ಶಿರಾಳಕೊಪ್ಪ ದಾಟುವಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಬಹಳ ದಿನಗಳ ಮೇಲೆ ನಾನು ಖುಷಿಯಾಗಿದ್ದೆ. ಯಜಮಾನರ ಹತ್ತಿರ ಮೊದಲು ಯಾವ ಫಿಲ್ಟರ್ ಹಾಕಲಿ ಅಂತೆಲ್ಲ ಮಾತಾಡ್ತಿದ್ದೆ, ಅವರಿಗೇನೂ ತಿಳಿಯದಿದ್ದರೂ.

ಮಬ್ಬು ಕವಿಯುವ ಹೊತ್ತಿಗೆ ಹೊಸಬಾಳೆ ಕೆರೆ ಏರಿ ಮೇಲೆ ಬಂದೆವು. ದಿಬ್ಬದ ಮೇಲೆ ಬೆಳಕು. ಬಿಳೀ ಬೆಳಕು, ಕಣ್ಣಿಗೆ ಚುಚ್ಚೋ ಹಾಗೆ. ಯಾರೋ ಮನೆ ಕಟ್ಟಿದಾರೇನ್ರೀ ಅಂದೆ. ಯಜಮಾನರು ವ್ಯಾನು ನಿಧಾನ ಮಾಡಿ ದಿಟ್ಟಿಸಿ ನೋಡಿದರು.

ನನ್ನ ಕಂಬ. ಅದರ ಮೇಲೊಂದು ಕಬ್ಬಿಣದ ಪೈಪು, ಪೈಪಿನ ತುದಿಗೆ ಸೋಲಾರ್ ದೀಪ. ಪೈಪಿನ ಬುಡದ ತಗಡನ್ನು ನನ್ನ ಬೋಲ್ಟುಗಳಿಗೇ ಸಿಕ್ಕಿಸಿ ನಟ್ಟು ಬಿಗಿದಿದ್ದರು. ಅಣ್ಣನೂ ಅತ್ತಿಗೆಯೂ ನಮ್ಮ ವ್ಯಾನು ನೋಡಿ ದಿಬ್ಬಕ್ಕೇ ಬಂದರು. ಅಣ್ಣನ ಮುಖದಲ್ಲಿ ಎಂಥಾ ಸಂಭ್ರಮ ಅಂತೀರಿ.

"ನೋಡು, ನಿಂಗೆ ಅಂತ್ಲೇ ಹಾಕ್ಸಿದೀನಿ. ಅವತ್ತು ಕತ್ಲಲ್ಲಿ ತಡಕಾಡ್ತಿದ್ದಿ, ನಂಗೆ ನೋಡಕ್ಕೆ ಆಗ್ಲಿಲ್ಲ. ನಿನ್ನ ಬೋಲ್ಟು ಎಷ್ಟು ಸಮಾ ಕೂತಿದ್ವು ಅಂದ್ರೆ, ಒಂದು ತೂತು ಹೊಡೆಯ ಕೆಲ್ಸ ಇರ್ಲಿಲ್ಲ."

ಆರಿಸೋಕೆ ಸ್ವಿಚ್ ಎಲ್ಲಣ್ಣ ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

"ಸ್ವಿಚ್ಚೇ ಇಲ್ಲ ಕಣೇ. ಅದೇ ಮಜಾ. ಕತ್ಲಾದ ಕೂಡ್ಲೆ ತಾನೇ ಹತ್ಕಳ್ತದೆ. ಹಂದಿನೂ ಈ ಕಡೆ ಸುಳಿಯಲ್ಲ, ಶುಂಠಿಗೆ ಒಳ್ಳೆದಾತು."

ಕಳಚಿಬಿಡು ಅಂತ ಹೇಳಬೇಕಿತ್ತು. ನಾಲಿಗೆಯವರೆಗೂ ಬಂತು. ಯಾವ ಹಕ್ಕಿನ ಮೇಲೆ ಹೇಳಲಿ? ಆ ನೆಲ ನನ್ನದಲ್ಲ ಅಂತ ಹೆಬ್ಬೆಟ್ಟು ಒತ್ತಿ ಬಂದವಳು ನಾನು. ತಲೆಯೆತ್ತಿ ನೋಡಿದೆ. ಮೂರು ಚುಕ್ಕಿ ಎಲ್ಲಿ ಅಂತ ಹುಡುಕಿದೆ, ಕಣ್ಣಿಗೆ ದೀಪವೇ ತುಂಬಿತ್ತು. ಅಷ್ಟರಲ್ಲಿ ಅತ್ತಿಗೆ ಸೆರಗು ಸರಿ ಮಾಡಿಕೊಂಡು, "ಬೆಳಕು ಚಲೋ ಅದೆ, ನಮ್ಮಿಬ್ರದೂ ಒಂದು ಫೋಟೊ ತೆಗಿ. ಜೊತೆಗೆ ನಿಂತು ತೆಗ್ಸಿದ್ದು ಒಂದೂ ಇಲ್ಲ" ಅಂದರು. ಇಬ್ಬರೂ ಕಂಬದ ಆ ಕಡೆ ಈ ಕಡೆ ನಿಂತರು. ಅಣ್ಣ ಕಂಬದ ಮೇಲೆ ಕೈಯಿಟ್ಟುಕೊಂಡ.

ಆಕಾಶಕ್ಕೆ ಅಂತ ತಂದ ಕ್ಯಾಮೆರಾ ಕೊರಳಲ್ಲೇ ಇತ್ತು. ತೆಗೆದೆ. ಗಲ್ಲ ಮೇಲೆತ್ತಣ್ಣ ಅಂತ ಹೇಳಿದೆ ಕೂಡ. ಹಾಸಿಗೆಯಲ್ಲಿ ಸುತ್ತಿದ ಕೊಳವೆ ವ್ಯಾನಿನಿಂದ ಇಳಿಯಲೇ ಇಲ್ಲ. ಊಟ ಮಾಡಿಕೊಂಡು ಹೋಗಿ ಅಂದರು. ಕುರ್ಚಿ ಹಾಕಿದರು. ಉಂಡೆವು.

ದುರ್ಬೀನು ಈಗ ಸ್ಟುಡಿಯೋ ಮೂಲೆಯಲ್ಲಿ ಪರದೆ ಬಟ್ಟೆ ಹೊದ್ದು ಕೂತಿದೆ. ನೀರು ಕಾಯಿಸೋ ಬಾಯ್ಲರಾ ಮೇಡಂ ಅಂತ ಗಿರಾಕಿಗಳು ಕೇಳ್ತಾರೆ. ಹೂಂ ಅಂತೀನಿ. ಆ ಕಂಬದಿಂದ ನಾನು ಮಾಡಿ ಮುಗಿಸಿದ ಫೋಟೊ ಅಂದರೆ ಅಣ್ಣ ಅತ್ತಿಗೆಯದು ಒಂದೇ. ದೊಡ್ಡದಾಗಿ ಪ್ರಿಂಟ್ ಹಾಕಿ, ಕಟ್ಟು ಹಾಕಿಸಿ ಕೊಟ್ಟೆ. ಹೊಸಬಾಳೆ ಮನೆಯ ಜಗಲಿಯಲ್ಲಿ ಅಪ್ಪ ಅಮ್ಮನ ಫೋಟೊ ಪಕ್ಕ ತೂಗು ಹಾಕಿದ್ದಾರೆ. ಇಬ್ಬರ ಮುಖವೂ ಬೆಳ್ಳಗೆ ಬಂದಿದೆ, ನಾನು ತಿದ್ದೋ ಅಗತ್ಯವೇ ಬೀಳಲಿಲ್ಲ. ಹಿಂದಿನ ಆಕಾಶ ಮಾತ್ರ ಒಂದು ಚುಕ್ಕಿಯೂ ಇಲ್ಲದೆ ಕಪ್ಪಾಗಿದೆ. ತೆಗೆದವಳು ನಾನಾದ್ದರಿಂದ ಅದರಲ್ಲಿ ನಾನೂ ಇಲ್ಲ. ಬಂದವರೆಲ್ಲ ಫೋಟೊ ಭಾಳ ಚೆನ್ನಾಗಿದೆ ಅಂತಾರಂತೆ, ಅಣ್ಣ ಫೋನ್ ಮಾಡಿದಾಗಲೆಲ್ಲ ಹೇಳ್ತಾನೆ.